ಐದು ತಿಂಗಳ ಟೈಮಿಂಗ್‌ನಲ್ಲಿ 20 ಮಿಲಿಸೆಕೆಂಡ್ ಡೊಂಕು: ಈ ಪಲ್ಸಾರ್ ಒಂಟಿಯಾ, ಜೋಡಿಯಾ?

ಮಲೆನಾಡಿನವಳು:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಪಲ್ಸಾರ್ ಟೈಮಿಂಗ್ ತಗೊಂಡಿದ್ದೇನೆ. ಪಲ್ಸಾರ್ ಅಂದರೆ ತಿರುಗುತ್ತಾ ಸುತ್ತಿಗೊಂದು ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರ, ಆ ಮಿಡಿತ ಬರುವ ಹೊತ್ತನ್ನು ಅಳೆಯುವುದೇ ಟೈಮಿಂಗ್. ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ಟೆಲಿಸ್ಕೋಪಿನ ಹಳೇ ಡೇಟಾ ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಗೈಡ್ ಅದರಲ್ಲಿ ಒಂದು ಪಲ್ಸಾರ್ ಆರಿಸಿ, ಹೆಸರು ಮುಚ್ಚಿಟ್ಟು ನನಗೆ ಕೊಟ್ಟಿದ್ದಾರೆ. "ಇದು ಸರ್ವೇಯಲ್ಲಿ ಸಿಕ್ಕ ದಿನ ಅವರಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ನಿಮಗೂ ಗೊತ್ತಿರಲಿ, ಮಿಕ್ಕಿದ್ದು ನೀವೇ ಕಂಡುಕೊಳ್ಳಿ" ಅಂದಿದ್ದಾರೆ.

ಗೊತ್ತಿದ್ದದ್ದು ಇಷ್ಟೇ. ಒಂದು ಸುತ್ತಿಗೆ ಸುಮಾರು 0.74 ಸೆಕೆಂಡ್. ಡಿಸ್ಪರ್ಷನ್ ಅಳತೆ (ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳಿಂದ ಮಿಡಿತ ಎಷ್ಟು ತಡವಾಗುತ್ತದೆ ಅನ್ನುವುದರ ಅಳತೆ) 62. ಆಕಾಶದಲ್ಲಿ ಜಾಗ ಅಂತ ಕೊಟ್ಟಿದ್ದು ಸರ್ವೇ ಬೀಮಿನ, ಅಂದರೆ ಟೆಲಿಸ್ಕೋಪ್ ಒಂದು ಸಲಕ್ಕೆ ನೋಡುವ ಆಕಾಶದ ತುಂಡಿನ, ನಡುಬಿಂದು. ಆ ಬೀಮಿನ ಅಗಲ 14 ಆರ್ಕ್‌ಮಿನಿಟ್, ಹುಣ್ಣಿಮೆ ಚಂದ್ರನ ಅರ್ಧದಷ್ಟು. ಅದರೊಳಗೆ ಪಲ್ಸಾರ್ ಎಲ್ಲಿ ಬೇಕಾದರೂ ಇರಬಹುದು.

ಐದು ತಿಂಗಳಲ್ಲಿ 23 ಸಲ ನೋಡಿದ ಫೈಲುಗಳಿವೆ. ಪ್ರತಿ ಫೈಲನ್ನೂ ಫೋಲ್ಡ್ ಮಾಡಿ (ಸುತ್ತುಗಳನ್ನು ಒಂದರ ಮೇಲೊಂದು ಕೂಡಿಸಿ) ಮಿಡಿತ ಬಂದ ಹೊತ್ತು ತೆಗೆದೆ. ಒಂದೊಂದರ ತಪ್ಪು 1 ಮಿಲಿಸೆಕೆಂಡ್ ಒಳಗಿದೆ. 23ನ್ನೂ ಒಂದೇ ಎಣಿಕೆಯಲ್ಲಿ ಜೋಡಿಸಿದೆ, ಎಲ್ಲೂ ಸುತ್ತು ತಪ್ಪಿಲ್ಲ. ಆಮೇಲೆ ಟೆಂಪೋ2 ಅನ್ನುವ ಟೈಮಿಂಗ್ ಸಾಫ್ಟ್‌ವೇರ್‌ನಲ್ಲಿ ಪಿರಿಯಡ್ಡನ್ನೂ (ಒಂದು ಸುತ್ತಿನ ಹೊತ್ತು) ಪಿ-ಡಾಟನ್ನೂ (ಆ ಪಿರಿಯಡ್ ಬದಲಾಗುವ ವೇಗ) ಫಿಟ್ ಮಾಡಿದೆ. ರೆಸಿಡ್ಯುಯಲ್ (ಮಿಡಿತ ಬಂದ ಹೊತ್ತಿಗೂ ಲೆಕ್ಕದ ಹೊತ್ತಿಗೂ ಇರುವ ವ್ಯತ್ಯಾಸ) ನೇರ ಗೆರೆಯಾಗಿ ಮಲಗಬೇಕಿತ್ತು ಅಲ್ವಾ, ಮಲಗಲಿಲ್ಲ. ಹಾವು ಹರಿದ ಹಾಗೆ ಒಂದು ಡೊಂಕು ಉಳಿದಿದೆ, ಮೇಲೆ 20 ಮಿಲಿಸೆಕೆಂಡ್, ಕೆಳಗೆ 20 ಮಿಲಿಸೆಕೆಂಡ್. ಪಿ-ಡಾಟ್ ಬೇರೆ ಮೈನಸ್‌ನಲ್ಲಿ ಬಂದಿದೆ, −2.7 × 10⁻¹⁵. ಅಂದರೆ ಪಲ್ಸಾರ್ ದಿನೇ ದಿನೇ ಜೋರಾಗಿ ತಿರುಗುತ್ತಿದೆ ಅಂತ ಆಯಿತು!

ಒಂಟಿ ಪಲ್ಸಾರ್ ನಿಧಾನ ಆಗಬೇಕು, ಜೋರಾಗಬಾರದು. ಹಾಗಾಗಿ ಜೊತೆಗೆ ಇನ್ನೊಂದು ನಕ್ಷತ್ರ ಇದ್ದು ಇದನ್ನು ನಮ್ಮ ಕಡೆ ಎಳೆಯುತ್ತಿದೆಯಾ ಅನ್ನಿಸಿತು. ನಿನ್ನೆ ರಾತ್ರಿ 160 ದಿನದ ಕಕ್ಷೆ ಹಾಕಿ ಬೈನರಿ (ಜೋಡಿ ನಕ್ಷತ್ರದ) ಮಾಡೆಲ್ ಫಿಟ್ ಮಾಡಿದೆ. ಡೊಂಕು ಪೂರ್ತಿ ಹೋಯಿತು. ಎಷ್ಟು ಚೆನ್ನಾಗಿ ಕೂತಿದೆ ಅಂದರೆ ನಿದ್ದೆ ಬರಲಿಲ್ಲ. ಗೈಡ್ ಹತ್ತಿರ ಹೋಗುವ ಮುಂಚೆ ನಿಮ್ಮನ್ನು ಕೇಳಬೇಕು ಅನ್ನಿಸಿತು. ಇದು ನಿಜವಾಗಿಯೂ ಜೋಡಿನಾ?

---

ಹಳೇ ಡಿಶ್:

ಮೊದಲು ಒಂದು ಮಾತು. 23 ಹೊತ್ತುಗಳನ್ನು ಒಂದೂ ಸುತ್ತು ತಪ್ಪದೆ ಜೋಡಿಸಿದ್ದೀರಲ್ಲ, ಕಷ್ಟದ ಕೆಲಸ ಅದೇ. ಅದನ್ನು ಮಾಡಿ ಮುಗಿಸಿದ್ದೀರಿ.

ಈಗ ಡೊಂಕಿನ ವಿಷಯ. ಜೊತೆಗಾರನನ್ನು ಹುಡುಕುವ ಮುಂಚೆ ನಿಮ್ಮ ಫೈಲಿನಲ್ಲಿರುವ ಜಾಗದ ಮೇಲೆ ಅನುಮಾನ ಪಡಿ.

ಭೂಮಿ ಸೂರ್ಯನ ಸುತ್ತ ಓಡುತ್ತಿರುತ್ತದೆ. ಪಲ್ಸಾರಿನ ಮಿಡಿತ ಒಂದು ಕಾಲದಲ್ಲಿ ನಮಗೆ ಬೇಗ ತಲುಪುತ್ತದೆ, ಆರು ತಿಂಗಳಾದ ಮೇಲೆ ತಡವಾಗಿ ತಲುಪುತ್ತದೆ. ಸೂರ್ಯನಿಂದ ಭೂಮಿಗೆ ಬೆಳಕು ಬರಲು ಸುಮಾರು 500 ಸೆಕೆಂಡ್ ಬೇಕು, ಹಾಗಾಗಿ ಈ ಏರಿಳಿತ ಎರಡೂ ಕಡೆ 500 ಸೆಕೆಂಡಿನವರೆಗೆ ಇರಬಹುದು. ಟೆಂಪೋ2 ಇದನ್ನು ಕಳೆದು, ಸೌರವ್ಯೂಹದ ತೂಕದ ನಡುಬಿಂದುವಿನಲ್ಲಿ ನಿಂತು ನೋಡಿದ ಹಾಗೆ ಹೊತ್ತನ್ನು ಸರಿ ಮಾಡುತ್ತದೆ. ಆದರೆ ಅದು ಕಳೆಯುವುದು ನೀವು ಕೊಟ್ಟ ಜಾಗವನ್ನು ನಂಬಿ. ಜಾಗ 1 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ ಅರವತ್ತನೇ ಒಂದು ಭಾಗ) ತಪ್ಪಿದರೂ ವರ್ಷಕ್ಕೊಂದು ಸುತ್ತು ಬರುವ 2.4 ಮಿಲಿಸೆಕೆಂಡಿನ ಅಲೆ ಉಳಿದುಬಿಡುತ್ತದೆ. ಒಂದೂವರೆ ಆರ್ಕ್‌ಮಿನಿಟ್ ತಪ್ಪಿದರೆ ಸುಮಾರು 220 ಮಿಲಿಸೆಕೆಂಡ್. ನಿಮ್ಮ ಬೀಮಿನ ಅಂಚಿನಲ್ಲಿ ಪಲ್ಸಾರ್ ಇದ್ದರೆ, ಅಂದರೆ 7 ಆರ್ಕ್‌ಮಿನಿಟ್ ಆಚೆ ಇದ್ದರೆ, ಪೂರಾ 1 ಸೆಕೆಂಡ್!

ಇಡೀ ವರ್ಷದ ಡೇಟಾ ಇದ್ದಿದ್ದರೆ ಈ ಅಲೆ ಪೂರ್ತಿ ಕಾಣುತ್ತಿತ್ತು, ನೋಡಿದ ಕೂಡಲೇ ಗುರುತು ಸಿಗುತ್ತಿತ್ತು. ನಿಮ್ಮ ಹತ್ತಿರ ಇರುವುದು ಐದು ತಿಂಗಳು, ಅಲೆಯ ಅರ್ಧಕ್ಕಿಂತ ಕಡಿಮೆ. ಆ ತುಂಡಿನಲ್ಲಿ ಓರೆಯಾದ ಭಾಗವನ್ನು ಪಿರಿಯಡ್ ನುಂಗಿಕೊಳ್ಳುತ್ತದೆ. ಬಾಗಿದ ಭಾಗವನ್ನು ಪಿ-ಡಾಟ್ ನುಂಗಿಕೊಳ್ಳುತ್ತದೆ. ಅವೆರಡೂ ನುಂಗಲಾಗದೆ ಬಿಟ್ಟಿದ್ದೇ ನಿಮಗೆ ಕಂಡ ಹಾವು. ಅಲೆಯ ಎತ್ತರ ಸುಮಾರು 200 ಮಿಲಿಸೆಕೆಂಡ್ ಇದ್ದರೆ ಐದು ತಿಂಗಳಲ್ಲಿ ಉಳಿಯುವುದು ಹೆಚ್ಚು ಕಡಿಮೆ ಅದರ ಹತ್ತರಲ್ಲೊಂದು ಪಾಲು. ನಿಮಗೆ 20 ಬಂದಿದೆ. ಲೆಕ್ಕ ಕೂತಿತಲ್ಲ?

ಮೈನಸ್ ಪಿ-ಡಾಟ್ ಕೂಡ ಇದೇ ಕೈವಾಡ. 0.22 ಸೆಕೆಂಡ್ ಎತ್ತರದ ವಾರ್ಷಿಕ ಅಲೆ 0.74 ಸೆಕೆಂಡಿನ ಪಲ್ಸಾರಿಗೆ ಕೊಡಬಹುದಾದ ಸುಳ್ಳು ಪಿ-ಡಾಟ್ ಎಷ್ಟು ಅಂತ ಕಾಗದದ ಮೇಲೆ ಗುಣಿಸಿ ನೋಡಿ. ಗರಿಷ್ಠ 6 × 10⁻¹⁵ ಹತ್ತಿರ ಬರುತ್ತದೆ. ಈ ವೇಗದ ಸಾಧಾರಣ ಪಲ್ಸಾರುಗಳ ನಿಜವಾದ ಪಿ-ಡಾಟ್ 10⁻¹⁵ ಆಸುಪಾಸು. ಅಂದರೆ ಸುಳ್ಳೇ ನಿಜಕ್ಕಿಂತ ದೊಡ್ಡದು, ಚಿಹ್ನೆಯನ್ನೇ ತಿರುಗಿಸಿಬಿಡಬಲ್ಲದು.

ಬೈನರಿ ಮಾಡೆಲ್ ಚೆನ್ನಾಗಿ ಕೂತಿತು ಅಂತ ಖುಷಿಪಡಬೇಡಿ. ಅದರಲ್ಲಿ ತಿರುಗಿಸೋಕೆ ಐದು ತಿರುಪುಗಳಿವೆ, ಅಂದರೆ ಫಿಟ್ ಕೂರುವ ಹಾಗೆ ಬದಲಿಸಬಹುದಾದ ಐದು ಅಂಕಿಗಳು. ಐದು ತಿಂಗಳ ನಯವಾದ ಒಂದು ಡೊಂಕಿಗೆ ಅದು ಕೂರದೇ ಇದ್ದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು. ಅದೂ ಅಲ್ಲದೆ ಕಕ್ಷೆ 160 ದಿನ, ಡೇಟಾ 150 ದಿನ. ಒಂದು ಸುತ್ತೂ ಪೂರ್ತಿ ನೋಡದೆ ಕಕ್ಷೆ ಅಂತ ಹೇಳೋಕೆ ಆಗಲ್ಲ.

ಇದೇ ಜಾಗದಲ್ಲಿ ಬಹಳ ದೊಡ್ಡವರು ಎಡವಿದ್ದಾರೆ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನ ಆಂಡ್ರ್ಯೂ ಲೈನ್, ಮ್ಯಾಥ್ಯೂ ಬೇಲ್ಸ್ ಮತ್ತು ಶೆಮಾರ್ 1991ರಲ್ಲಿ ಬಿ1829−10 ಅನ್ನುವ ಪಲ್ಸಾರಿನ ಸುತ್ತ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹ ಇದೆ ಅಂತ ಪ್ರಕಟಿಸಿದರು. ಸೌರವ್ಯೂಹದ ಹೊರಗಿನ ಗ್ರಹ! ಜಗತ್ತೆಲ್ಲ ಸುದ್ದಿ. ಆದರೆ ಆರು ತಿಂಗಳು ಅಂದರೆ ನಮ್ಮ ವರ್ಷದ ಸರಿಯಾಗಿ ಅರ್ಧ, ಅದೇ ಕಾಡುವ ಸಂಗತಿ. ಕೊನೆಗೆ ಲೈನ್ ಅವರೇ ಕೂತು ಮತ್ತೆ ಲೆಕ್ಕ ಹಾಕಿದರು. ಮೊದಲ ಹಂತದಲ್ಲಿ ಬಳಸಿದ ಪಲ್ಸಾರಿನ ಜಾಗ ತಪ್ಪಾಗಿತ್ತು, ಅದೇ ಹಂತದಲ್ಲಿ ಭೂಮಿಯ ಕಕ್ಷೆಯನ್ನು ಸುಮ್ನೆ ವೃತ್ತ ಅಂತ ಹಿಡಿದಿದ್ದರು. ಜಾಗವನ್ನು ಆಮೇಲೆ ಸರಿ ಮಾಡಿದರೂ ಕಕ್ಷೆ ವೃತ್ತ ಅಲ್ಲ, ಸ್ವಲ್ಪ ಅಂಡಾಕಾರ ಅನ್ನುವ ಸಣ್ಣ ವ್ಯತ್ಯಾಸ ಒಳಗೇ ಉಳಿದು ವರ್ಷಕ್ಕೆ ಎರಡು ಸಲ ಏರಿಳಿಯುವ ಗ್ರಹವಾಗಿ ಕಂಡಿತ್ತು. 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಅಮೆರಿಕದ ಖಗೋಳಜ್ಞರ ಸಭೆಯಲ್ಲಿ ಎದ್ದು ನಿಂತು "ತಪ್ಪಾಯಿತು, ಗ್ರಹ ಇಲ್ಲ" ಅಂತ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದೇ ತಿಂಗಳು ವೋಲ್ಷ್‌ಚಾನ್ ಮತ್ತು ಫ್ರೇಲ್ ಬೇರೊಂದು ಪಲ್ಸಾರಿನ ಸುತ್ತ, ಬಿ1257+12 ಸುತ್ತ, ಎರಡು ಗ್ರಹ ಪ್ರಕಟಿಸಿದರು. ಅವು ನಿಜವಾದವು, 66 ಮತ್ತು 98 ದಿನದ ಕಕ್ಷೆಗಳು. ನಮ್ಮ ವರ್ಷಕ್ಕೂ ಅವಕ್ಕೂ ಸಂಬಂಧ ಇಲ್ಲ, ನೋಡಿ.

ಆದ್ದರಿಂದ ಬೈನರಿ ಫೈಲನ್ನು ಈಗ ಪಕ್ಕಕ್ಕಿಡಿ. ಸರಿಯಾದ ಜಾಗ ಎಲ್ಲಿಂದಾದರೂ ತನ್ನಿ.

---

ಪಿಯು ಮೇಷ್ಟ್ರು:

ನಾನು ಫಿಸಿಕ್ಸ್ ಪಾಠ ಮಾಡುವವನು, ಪಲ್ಸಾರ್ ನನ್ನ ಕ್ಷೇತ್ರ ಅಲ್ಲ. ಗೌರಿಬಿದನೂರು ನಮಗೆ ಹತ್ತಿರ, ಅಲ್ಲಿನ ಬಯಲಿನಲ್ಲಿ ಕಂಬಗಳ ಸಾಲು ಸಾಲು ಆಂಟೆನಾ ತೋರಿಸೋಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅದರಲ್ಲೇ 34.5 ಮೆಗಾಹರ್ಟ್ಸ್‌ನಲ್ಲಿ ಪಲ್ಸಾರ್ ಹಿಡಿದಿದ್ದಾರೆ ಅಂತ ಕೇಳಿದಾಗಿನಿಂದ ಈ ವಿಷಯ ಓದುತ್ತಿದ್ದೇನೆ.

ಒಂದು ಅನುಮಾನ. ಮಲೆನಾಡಿನವರೇ, ಐದು ತಿಂಗಳಲ್ಲಿ ಟೆಲಿಸ್ಕೋಪ್ ಆ ಕಡೆ ತಿರುಗಿಸಿದ್ದು 23 ಸಲ. ನಡುವೆ ವಾರಗಟ್ಟಲೆ ಯಾರೂ ನೋಡಿಲ್ಲ. ಆಗ ಪಲ್ಸಾರ್ ಎಷ್ಟು ಸಲ ತಿರುಗಿತು ಅಂತ ಒಂದೂ ತಪ್ಪದೆ ಎಣಿಸಿದ್ದು ಹೇಗೆ? ನನ್ನ ಮಕ್ಕಳು ಕೇಳಿದರೆ ನಾನು ಏನು ಹೇಳಲಿ?

---

ಮಲೆನಾಡಿನವಳು:

ಹಳೇ ಡಿಶ್ ಸರ್, ಓದಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ಗುಣಿಸಿ ನೋಡಿದೆ, 6.4 × 10⁻¹⁵ ಬಂತು. ಬೈನರಿ ಫೈಲ್ ಬೇರೆ ಫೋಲ್ಡರಿಗೆ ಹಾಕಿದೆ.

ಮೇಷ್ಟ್ರೇ, ಎಣಿಕೆ ಹೇಗೆ ಅಂತ ಹೇಳುತ್ತೇನೆ, ನನಗೂ ಇದು ಬಹಳ ಇಷ್ಟವಾದ ಭಾಗ. ಮೊದಲ ದಿನ 10 ನಿಮಿಷ ನೋಡಿದ್ದು. ಅಷ್ಟರಲ್ಲಿ ಪಲ್ಸಾರ್ ಸುಮಾರು 810 ಸಲ ತಿರುಗಿರುತ್ತದೆ. ಮಿಡಿತ ಎಲ್ಲಿದೆ ಅಂತ ಒಂದು ಸುತ್ತಿನ ನೂರನೇ ಒಂದು ಭಾಗದಷ್ಟು ಸರಿಯಾಗಿ ಹೇಳಬಹುದು ಅಂದುಕೊಳ್ಳಿ. ಆ ಪಿರಿಯಡ್ ನಂಬಿ ನೇರ ಮಾರನೇ ದಿನಕ್ಕೆ ಹಾರಿದರೆ ಕೆಟ್ಟಿತು. ಒಂದು ದಿನಕ್ಕೆ 1,16,757 ಸುತ್ತು, ತಪ್ಪು ಸೇರಿ ಸೇರಿ ಸುಮಾರು ಒಂದೂವರೆ ಸುತ್ತು ಆಗಿಬಿಡುತ್ತದೆ. ಎಣಿಕೆ ಕಳೆದುಹೋಯಿತು.

ಅದಕ್ಕೇ ಅದೇ ದಿನ ಒಂದು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಒಂದು ಗಂಟೆಗೆ ಸೇರುವ ತಪ್ಪು ಸುತ್ತಿನ ನೂರರಲ್ಲಿ ಆರು ಭಾಗ ಮಾತ್ರ, ಅನುಮಾನವೇ ಇಲ್ಲದೆ ಎಣಿಸಬಹುದು. ಎಣಿಸಿದ ಮೇಲೆ ಪಿರಿಯಡ್ ಇನ್ನಷ್ಟು ಚೊಕ್ಕ ಆಗುತ್ತದೆ, ಆಗ ಒಂದು ದಿನ ಹಾರಬಹುದು, ತಪ್ಪು ಕಾಲು ಸುತ್ತಿನೊಳಗೆ. ದಿನದಿಂದ ವಾರಕ್ಕೆ, ವಾರದಿಂದ ತಿಂಗಳಿಗೆ. ಹೊಳೆ ದಾಟುವಾಗ ಒಂದು ಕಲ್ಲಿನ ಮೇಲೆ ಗಟ್ಟಿಯಾಗಿ ನಿಂತು ಮುಂದಿನ ಕಲ್ಲಿಗೆ ಕಾಲಿಡುತ್ತೀವಲ್ಲ, ಹಾಗೆ. ಐದು ತಿಂಗಳಿಗೆ ಒಟ್ಟು 1 ಕೋಟಿ 75 ಲಕ್ಷ ಸುತ್ತು. ನಡುವೆ ಎಲ್ಲಾದರೂ ಒಂದು ತಪ್ಪಿದ್ದರೆ ರೆಸಿಡ್ಯುಯಲ್ 740 ಮಿಲಿಸೆಕೆಂಡ್ ಜಿಗಿಯುತ್ತಿತ್ತು. ನನ್ನ ಡೊಂಕು 20, ನಯವಾಗಿದೆ, ಜಿಗಿತ ಇಲ್ಲ.

ಸರ್, ಜಾಗ ಎಲ್ಲಿಂದ ತರೋದು? ಟೆಲಿಸ್ಕೋಪ್ ಸಮಯ ನನಗೆ ಸಿಗಲ್ಲ. ಜಾಗವನ್ನೂ ಫಿಟ್‌ಗೆ ಬಿಟ್ಟು ನೋಡಿದೆ. ಡೊಂಕು ಹೋಗುತ್ತದೆ, ಆದರೆ ಜಾಗ ಮತ್ತು ಪಿ-ಡಾಟ್ ಎರಡೂ ಒಂದನ್ನೊಂದು ಹಿಡಿದುಕೊಂಡು ತೂಗಾಡುತ್ತವೆ.

---

ರಾತ್ರಿಪಾಳಿ:

ಟೆಲಿಸ್ಕೋಪ್ ಸಮಯ ಬೇಡ. ಚಿತ್ರ ನೋಡಿ.

ನಾರಾಯಣಗಾಂವ್ ಹತ್ತಿರದ ಜಿಎಂಆರ್‌ಟಿಯಲ್ಲಿ, 45 ಮೀಟರಿನ 30 ಡಿಶ್‌ಗಳಲ್ಲಿ, 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸುಮಾರು 90 ಶೇಕಡಾ ಭಾಗದ ಚಿತ್ರ ತೆಗೆದಿದ್ದಾರೆ. ಟಿಜಿಎಸ್‌ಎಸ್ ಅಂತ ಹೆಸರು. ಡಿಕ್ಲಿನೇಷನ್ (ಆಕಾಶದ ಅಕ್ಷಾಂಶ) −53 ಡಿಗ್ರಿಯಿಂದ ಉತ್ತರಕ್ಕೆ ಎಲ್ಲ ಇದೆ, ಪುಕ್ಕಟೆ ಸಿಗುತ್ತದೆ. ಸುಮಾರು 6.2 ಲಕ್ಷ ರೇಡಿಯೋ ಚುಕ್ಕೆಗಳ ಪಟ್ಟಿ. ಒಂಟಿ ಡಿಶ್‌ಗೆ ಚಂದ್ರನ ಅರ್ಧದಷ್ಟು ಮಸುಕಾಗಿ ಕಾಣುವ ಜಾಗ ಇದರಲ್ಲಿ ಕೆಲವೇ ಆರ್ಕ್‌ಸೆಕೆಂಡಿಗೆ ಬಂದು ನಿಲ್ಲುತ್ತದೆ, ಯಾಕೆಂದರೆ ಡಿಶ್‌ಗಳು 25 ಕಿಲೋಮೀಟರ್ ದೂರದವರೆಗೆ ಹರಡಿಕೊಂಡಿವೆ.

ಪಲ್ಸಾರಿನ ಸ್ವಭಾವ ಏನೆಂದರೆ ಫ್ರೀಕ್ವೆನ್ಸಿ ಇಳಿದ ಹಾಗೆ ಅದು ಜಾಸ್ತಿ ಬೆಳಗುತ್ತದೆ. ಪಾರ್ಕ್ಸ್ ಸರ್ವೇ ನೋಡುವ 1,400 ಮೆಗಾಹರ್ಟ್ಸ್ ಹತ್ತಿರ 1 ಮಿಲಿಜಾನ್ಸ್ಕಿ (ರೇಡಿಯೋ ಹೊಳಪಿನ ಅಳತೆ) ಇದ್ದದ್ದು 150ರಲ್ಲಿ 30ರ ಮೇಲೆ ಇರಬಹುದು. ಟಿಜಿಎಸ್‌ಎಸ್‌ನಲ್ಲಿ ಕಾಣೋಕೆ ಸುಮಾರು 25 ಸಾಕು. ನಿಮ್ಮದು ಮಂಕಾಗಿದ್ದರೆ ಕಾಣಲ್ಲ, ಆಗ ವರ್ಷ ಕಾಯಲೇಬೇಕು. ಆದರೂ ನೋಡಿ.

ಒಂದು ಎಚ್ಚರಿಕೆ. ಆ ಪಟ್ಟಿಯಲ್ಲಿ ಒಂದು ಚದರ ಡಿಗ್ರಿಗೆ ಸರಾಸರಿ 17 ಚುಕ್ಕೆ. 7 ಆರ್ಕ್‌ಮಿನಿಟ್ ತ್ರಿಜ್ಯದ ನಿಮ್ಮ ವೃತ್ತದಲ್ಲಿ ಯಾವುದೋ ದೂರದ ಗೆಲಾಕ್ಸಿ ಸುಮ್ನೆ ಬಂದು ಕೂತಿರುವ ಸಾಧ್ಯತೆ ಬಹಳ ಜಾಸ್ತಿ. ಚುಕ್ಕೆ ಸಿಕ್ಕಿತು ಅಂತ ಅದೇ ಪಲ್ಸಾರ್ ಅನ್ನಬೇಡಿ. ಪ್ರತಿ ಚುಕ್ಕೆಯ ಜಾಗವನ್ನೂ ಟೆಂಪೋ2ಗೆ ಕೊಟ್ಟು ಪಿರಿಯಡ್, ಪಿ-ಡಾಟ್ ಮಾತ್ರ ಫಿಟ್ ಮಾಡಿ. ಸರಿಯಾದದ್ದು ತಾನಾಗಿಯೇ ನೇರ ಆಗುತ್ತದೆ.

ಚಿತ್ರದಿಂದ ಪಲ್ಸಾರಿಗೆ ಬರುವ ದಾರಿ ಹಳೆಯದು. 4ಸಿ21.53 ಅಂತ ಒಂದು ರೇಡಿಯೋ ಮೂಲ ಇತ್ತು. ಅದು ಮಿನುಗುವ ರೀತಿ ನೋಡಿದರೆ ಬಹಳ ಚಿಕ್ಕದಾಗಿರಬೇಕಿತ್ತು, ಕೆಳ ಫ್ರೀಕ್ವೆನ್ಸಿಯಲ್ಲಿ ವಿಪರೀತ ಬೆಳಗುತ್ತಿತ್ತು. ಖಗೋಳಜ್ಞ ಡಾನ್ ಬ್ಯಾಕರ್ ಬಿಡದೆ ಅದರ ಹಿಂದೆ ಬಿದ್ದರು. 1982ರಲ್ಲಿ ಅರೆಸಿಬೋ ಟೆಲಿಸ್ಕೋಪಿನಲ್ಲಿ ಸಿಕ್ಕಿದ್ದು ಬಿ1937+21, ಸೆಕೆಂಡಿಗೆ 642 ಸುತ್ತು. ಆ ತಂಡದಲ್ಲಿ ಬರ್ಕ್ಲಿಯ ವಿದ್ಯಾರ್ಥಿಯಾಗಿದ್ದವರು ನಮ್ಮ ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿ. ಅದು ಒಂಟಿ ಪಲ್ಸಾರ್. ಒಂಟಿಯಾಗಿದ್ದು ಅಷ್ಟು ಜೋರು ತಿರುಗುವುದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಒಂದು ದಾರಿ ತೋರಿಸಿದರು. ಮೊದಲು ಜೊತೆಗಾರ ಇದ್ದ, ಅವನಿಂದ ಸುರಿದ ವಸ್ತು ಇದನ್ನು ತಿರುಗಿಸಿ ತಿರುಗಿಸಿ ಜೋರು ಮಾಡಿತು, ಆಮೇಲೆ ಆ ಜೊತೆಗಾರ ಇಲ್ಲವಾದ ಅಂತ. ಈಗ ಒಂಟಿ ಅಂದಮಾತ್ರಕ್ಕೆ ಹುಟ್ಟಿನಿಂದ ಒಂಟಿ ಅಂತಲ್ಲ.

---

ಪಿಯು ಮೇಷ್ಟ್ರು:

ಹೊಳೆಯ ಕಲ್ಲಿನ ಹೋಲಿಕೆ ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ರಾಧಾಕೃಷ್ಣನ್ ಹೆಸರು ಬಂದಿದ್ದಕ್ಕೆ ಒಂದು ಸೇರಿಸಲಾ? 1969ರಲ್ಲಿ ಅವರು ಪಾರ್ಕ್ಸ್‌ನಲ್ಲೇ ಇದ್ದಾಗ, ಡಿಕ್ ಮ್ಯಾಂಚೆಸ್ಟರ್ ಜೊತೆ ವೇಲಾ ಪಲ್ಸಾರ್ ಇದ್ದಕ್ಕಿದ್ದ ಹಾಗೆ ಜೋರಾದದ್ದನ್ನು ಹಿಡಿದಿದ್ದರು, ಅಲ್ವಾ? ಒಂಟಿ ಪಲ್ಸಾರ್ ಜೋರಾಗಬಾರದು ಅಂತ ಮೇಲೆ ಹೇಳಿದ್ದಕ್ಕೆ ಕೇಳಿದೆ.

---

ಹಳೇ ಡಿಶ್:

ಹೌದು ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಅದು ಗ್ಲಿಚ್. ವೇಲಾದ 89 ಮಿಲಿಸೆಕೆಂಡ್ ಪಿರಿಯಡ್ ಒಂದು ವಾರದ ಒಳಗೆ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು ಕುಸಿಯಿತು. ಆದರೆ ಗ್ಲಿಚ್ ರೆಸಿಡ್ಯುಯಲ್‌ನಲ್ಲಿ ಮುರಿದ ಕೋಲಿನ ಹಾಗೆ ಕಾಣುತ್ತದೆ, ಒಂದು ದಿನದಿಂದ ಆಚೆಗೆ ಗೆರೆ ಬೇರೆ ದಿಕ್ಕು ಹಿಡಿಯುತ್ತದೆ. ಇವರದ್ದು ನಯವಾದ ಡೊಂಕು. ಗ್ಲಿಚ್ ಅಲ್ಲ.

---

ಮಲೆನಾಡಿನವಳು:

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಟಿಜಿಎಸ್‌ಎಸ್ ಚಿತ್ರದಲ್ಲಿ ನನ್ನ ವೃತ್ತದೊಳಗೆ ಎರಡು ಚುಕ್ಕೆ ಸಿಕ್ಕವು. ಒಂದು ನಡುಬಿಂದುವಿನಿಂದ 5 ಆರ್ಕ್‌ಮಿನಿಟ್ ದೂರ, ಚೆನ್ನಾಗಿ ಬೆಳಗುತ್ತದೆ. ಇನ್ನೊಂದು ಒಂದೂವರೆ ಆರ್ಕ್‌ಮಿನಿಟ್‌ಗೆ ಸ್ವಲ್ಪ ಕಡಿಮೆ, ಮಂಕು, ಪಟ್ಟಿಗೆ ಸೇರಿದ್ದೇ ಹೆಚ್ಚು ಅನ್ನುವ ಹಾಗಿದೆ.

ಮೊದಲು ಬೆಳಗುವುದನ್ನು ಹಾಕಿದೆ. ಡೊಂಕು 20ರಿಂದ 70 ಮಿಲಿಸೆಕೆಂಡಿಗೆ ಏರಿತು. ಆಮೇಲೆ ಮಂಕು ಚುಕ್ಕೆಯ ಜಾಗ ಬರೆದು ಎಂಟರ್ ಒತ್ತಿದೆ. ಗ್ರಾಫಿನ 23 ಚುಕ್ಕೆಗಳೂ ಸೊನ್ನೆಯ ಗೆರೆಯ ಮೇಲೆ ಬಂದು ಕೂತವು, ಹುರುಳಿ ಕಾಳು ಸಾಲಾಗಿ ಇಟ್ಟ ಹಾಗೆ. ಚೆದರಿಕೆ 1 ಮಿಲಿಸೆಕೆಂಡ್. ಹೊಸದಾಗಿ ಯಾವ ತಿರುಪೂ ತಿರುಗಿಸಿಲ್ಲ. ಪಿ-ಡಾಟ್ ಪ್ಲಸ್‌ಗೆ ಬಂತು, 1.9 × 10⁻¹⁵. ಅದರಿಂದ ಲೆಕ್ಕ ಹಾಕಿದರೆ ವಯಸ್ಸು ಸುಮಾರು 62 ಲಕ್ಷ ವರ್ಷ, ಕಾಂತಕ್ಷೇತ್ರ 1.2 × 10¹² ಗಾಸ್. ಪಠ್ಯಪುಸ್ತಕದಲ್ಲಿ ಇರುವಂಥ ಸಾಧಾರಣ ಪಲ್ಸಾರ್. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು.

ಈಗ ವರದಿಯಲ್ಲಿ "ಇದು ಒಂಟಿ ಪಲ್ಸಾರ್" ಅಂತ ಬರೆಯಬಹುದಾ?

---

ಹಳೇ ಡಿಶ್:

ಬಹಳ ಸಂತೋಷ ಆಯಿತು. ಯಾವ ತಿರುಪನ್ನೂ ಮುಟ್ಟದೆ ನೇರ ಆಯಿತಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡು ಮಾತು. ಆ ಚಿತ್ರದ ಜಾಗದಲ್ಲೂ ಎರಡು ಮೂರು ಆರ್ಕ್‌ಸೆಕೆಂಡ್ ತಪ್ಪು ಇರಬಹುದು. 3 ಅಂತ ಹಿಡಿದರೆ ನಿಮ್ಮ ಪಿ-ಡಾಟ್‌ನಲ್ಲಿ ಇನ್ನೂ 2 × 10⁻¹⁶ ಸುಳ್ಳು ಉಳಿದಿರಬಹುದು, ಹತ್ತರಲ್ಲಿ ಒಂದು ಭಾಗ. ಟೆಂಪೋ2 ತೋರಿಸುವ ಚಿಕ್ಕ ತಪ್ಪನ್ನು ಹಾಗೇ ನಕಲು ಮಾಡಬೇಡಿ, ಇದನ್ನೂ ಸೇರಿಸಿ ಬರೆಯಿರಿ.

ಇನ್ನು ಒಂಟಿ ಅನ್ನುವ ಮಾತು. "ಐದು ತಿಂಗಳಲ್ಲಿ ಜೊತೆಗಾರನ ಸುಳಿವು ಇಲ್ಲ" ಅಂತ ಬರೆಯಿರಿ, ಅಷ್ಟು ಮಾತ್ರ ನಿಮಗೆ ಗೊತ್ತಿರುವುದು. ಸಿಗ್ನಸ್ ಕಡೆ ಜೆ2032+4127 ಅಂತ ಒಂದಿದೆ. ಫರ್ಮಿ ಉಪಗ್ರಹ ಗಾಮಾ ಕಿರಣದಲ್ಲಿ ಕಂಡುಹಿಡಿದು 2009ರಲ್ಲಿ ಪ್ರಕಟವಾಯಿತು. ಆಮೇಲೆ ರೇಡಿಯೋದಲ್ಲೂ ಸಿಕ್ಕಿತು. ವರ್ಷಗಟ್ಟಲೆ ಒಂಟಿ ಅಂತಲೇ ಎಲ್ಲರೂ ನಂಬಿದ್ದರು. ಟೈಮಿಂಗ್ ಬಿಡದೆ ಮಾಡುತ್ತಾ ಹೋದ ಹಾಗೆ ಗೆರೆ ಮೆಲ್ಲಗೆ ಬಾಗಿತು. ಪಕ್ಕದಲ್ಲಿ ಕಾಣುತ್ತಿದ್ದ ಭಾರೀ ನಕ್ಷತ್ರದ ಸುತ್ತ ಅದು ಸುತ್ತುತ್ತಿತ್ತು, ಒಂದು ಸುತ್ತಿಗೆ 45ರಿಂದ 50 ವರ್ಷ. 2017ರ ನವೆಂಬರಿನಲ್ಲಿ ಆ ನಕ್ಷತ್ರಕ್ಕೆ ಅತಿ ಹತ್ತಿರ ಬಂದು ಹೋಯಿತು. ಅದು ಜೋಡಿ ಅಂತ 2015ರಲ್ಲಿ ಮೊದಲು ತೋರಿಸಿದ ಪ್ರಬಂಧದ ಮೊದಲ ಹೆಸರು ಆಂಡ್ರ್ಯೂ ಲೈನ್. ಅಟ್ಲಾಂಟಾದಲ್ಲಿ ಎದ್ದು ನಿಂತಿದ್ದರಲ್ಲ, ಅವರೇ.

---

ಮಲೆನಾಡಿನವಳು:

ಬೆಳಗ್ಗೆ ಗೈಡ್ ಹತ್ತಿರ ಎರಡೂ ಗ್ರಾಫ್ ತಗೊಂಡು ಹೋದೆ, ಹಾವಿನದ್ದು ಮತ್ತು ಹುರುಳಿ ಸಾಲಿನದ್ದು. ಬೈನರಿ ಫಿಟ್ ಮಾಡಿದ್ದನ್ನೂ ಹೇಳಿದೆ. ಅವರು ಏನೂ ಮಾತಾಡದೆ ಡ್ರಾಯರ್ ತೆಗೆದು ಒಂದು ಹಾರ್ಡ್ ಡಿಸ್ಕ್ ಕೊಟ್ಟರು. ಮುಂದಿನ ಏಳು ತಿಂಗಳ ಫೈಲುಗಳು ಅದರಲ್ಲಿವೆ.

ನನ್ನ ಕೊನೆಯ ಫೈಲಿನಿಂದ ಹತ್ತು ದಿನ ಮುಂದಿನದ್ದನ್ನು ಈಗಷ್ಟೇ ಫೋಲ್ಡ್ ಮಾಡಿದೆ. ಮಿಡಿತ ಯಾವಾಗ ಬರಬೇಕು ಅಂತ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. 0.6 ಮಿಲಿಸೆಕೆಂಡ್ ವ್ಯತ್ಯಾಸ.